ಮೂವತ್ತೇಳನೇ ಪಟ್ಟಿಯ ಚುಕ್ಕಿ

ಬನಹಟ್ಟಿಯ ಈ ಓಣಿಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ಪಕ್ಕದ ಮನೆಯ ಮಗ್ಗ ಆಗಲೇ ಎದ್ದಿದೆ. ಅದರ ಸದ್ದಿಗೆ ಗೋಡೆಯ ಕ್ಯಾಲೆಂಡರ್ ಮೆಲ್ಲಗೆ ಅದುರುತ್ತಿದೆ. ಯಲ್ಲವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಮಡಿಲಲ್ಲಿ ಹಲಗೆಯಿಟ್ಟುಕೊಂಡು ಪೆನ್ಸಿಲಿನಿಂದ ತೆರೆಗಳನ್ನು ಬರೆಯುತ್ತಿದ್ದಾರೆ. ನಾನು ನಮಸ್ಕಾರ ಎನ್ನುತ್ತೇನೆ. ಪೆನ್ಸಿಲ್ ನಿಲ್ಲುವುದಿಲ್ಲ. ಬಾಗಿಲಲ್ಲಿ ನಿಂತ ಸೊಸೆ ಮಂಗಲಾ ಸುಮ್ಮನಿರಿ ಎಂದು ಸನ್ನೆ ಮಾಡುತ್ತಾರೆ. ಇವರ ಕೆಲಸದ ಬಗ್ಗೆ ಬರೆಯಲೆಂದು ಪೇಟೆಯಿಂದ ಬಂದ ನಾನು, ಮಾತು ಆಮೇಲಾಗಲಿ ಎಂದುಕೊಂಡು ಕೂರುತ್ತೇನೆ.

ಹತ್ತು ನಿಮಿಷದ ಮೇಲೆ ಪೆನ್ಸಿಲ್ ಕೆಳಗಿಟ್ಟು ಯಲ್ಲವ್ವ ನನ್ನ ಕಡೆ ತಿರುಗುತ್ತಾರೆ. "ಸಿಟ್ಟಾಗಬ್ಯಾಡ್ರಿ. ಸೀರಿ ಬಾರ್ಡರ್ ನನಗ ನಿದ್ದ್ಯಾಗ ಬರ್ತಾವ. ಎದ್ದು ಒಂದ್ ಮಾತಾಡಿದ್ನಿ ಅಂದ್ರ ಮುಗೀತು, ಹ್ವಾದವು."

ಇವತ್ತು ಬಂದದ್ದು ಕೃಷ್ಣಾ ನದಿ. ಯಲ್ಲವ್ವನ ತವರು ಆ ನದಿಯ ದಂಡೆಯ ಗಲಗಲಿ. ಮದುವೆಯಾಗಿ ನೇಕಾರರ ಮನೆಗೆ ಬಂದು ಮೂವತ್ತೆಂಟು ವರ್ಷವಾದರೂ ಕನಸಿನಲ್ಲಿ ಅವರಿನ್ನೂ ಅದೇ ದಂಡೆಯ ಮೇಲೆ ಕೂತಿರುತ್ತಾರಂತೆ. ನೀರು ಒಮ್ಮೆ ಹಸಿರು, ಒಮ್ಮೆ ಬೆಳ್ಳಿ. ಎದ್ದ ಮೇಲೆ ಅದು ಸೀರೆಯ ಅಂಚು.

ಅವರ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಅಂಚಿನ ಚಿತ್ರವನ್ನು ಸಣ್ಣ ಚೌಕಗಳ ಹಾಳೆಯ ಮೇಲೆ ತುಂಬಬೇಕು, ಒಂದು ಚೌಕವೆಂದರೆ ಒಂದು ಎಳೆ. ಆ ಹಾಳೆ ನೋಡಿ ರಟ್ಟಿನ ಪಟ್ಟಿಗಳಿಗೆ ತೂತು ಕೊರೆಯಬೇಕು. ತೂತಿದ್ದಲ್ಲಿ ಮಗ್ಗ ಎಳೆಯನ್ನು ಎತ್ತುತ್ತದೆ, ಇಲ್ಲದಲ್ಲಿ ಬಿಡುತ್ತದೆ. ಒಂದು ಅಂಚಿಗೆ ಇನ್ನೂರ ನಲವತ್ತು ಪಟ್ಟಿ. ಚೌಕ ತುಂಬಲಿಕ್ಕೇ ನಾಲ್ಕು ದಿನ. ಸೀರೆಯ ಮೇಲೆ ಅಂಗಡಿಯವರ ಹೆಸರಿರುತ್ತದೆ, ಕೆಲವೊಮ್ಮೆ ಮಗ್ಗದ ಮಾಲೀಕರದು. ಚಿತ್ರ ಬರೆದವರ ಹೆಸರನ್ನು ನಾನಂತೂ ಎಲ್ಲೂ ಕಂಡಿಲ್ಲ.

ಆದರೆ ಯಲ್ಲವ್ವ ಒಂದು ಗುರುತು ಬಿಡುತ್ತಾರೆ. ಪ್ರತಿ ಅಂಚಿನ ಮೂವತ್ತೇಳನೇ ಪಟ್ಟಿಯಲ್ಲಿ ಬೇಕೆಂದೇ ಒಂದು ತಪ್ಪು ತೂತು. ಬಟ್ಟೆಯ ಮೇಲೆ ಅದು ಸಾಸಿವೆಗಿಂತ ಸಣ್ಣ ಚುಕ್ಕಿ. ಕೂಸಿನ ಕೆನ್ನೆಗೆ ಕಾಡಿಗೆ ಇಟ್ಟಂತೆ, ದೃಷ್ಟಿ ಆಗದಿರಲೆಂದು ಅತ್ತೆ ಕಲಿಸಿದ್ದು.

"ಒಮ್ಮೆ ಸಾವಳಗಿ ಬಸ್ಸಿನ್ಯಾಗ ಮುಂದ ಒಬ್ಬಾಕಿ ನಿಂತಿದ್ಲು. ಸೆರಗು ನನ್ನ ಕೈ ಮ್ಯಾಲ ಬಿತ್ತು. ಬೆರಳಾಡ್ಸಿದ್ನಿ, ಚುಕ್ಕಿ ಸಿಕ್ತು."

"ಹೇಳಿದಿರಾ ಆಕೆಗೆ?"

"ಏನಂತ ಹೇಳ್ಲಿ? ಚುಕ್ಕಿ ಮ್ಯಾಲ ಬೆರಳಿಟ್ಕೊಂಡ ಕುಂತ್ನಿ. ಇಳಿಯೂ ಸ್ಟಾಪ್ ದಾಟಿ ಹೋತು."

ಈಗ ಕಣ್ಣಿನ ಮಾತು. ಜಮಖಂಡಿಯ ಡಾಕ್ಟರು ಹೋದ ವರ್ಷವೇ ಹೇಳಿದ್ದಾರೆ: ಹೀಗೇ ಚೌಕ ತುಂಬುತ್ತಾ ಹೋದರೆ ಎಡಗಣ್ಣು ಉಳಿಯುವುದಿಲ್ಲ. ಅದಕ್ಕೇ ಮಂಗಲಾ ಒಂದು ಎಐ ಆ್ಯಪ್ ಹಾಕಿಕೊಟ್ಟಿದ್ದಾರೆ. ಪೆನ್ಸಿಲ್ ಗೆರೆಯ ಫೋಟೋ ಕೊಟ್ಟರೆ ಐದು ನಿಮಿಷದಲ್ಲಿ ಚೌಕ ತುಂಬಿದ ಹಾಳೆ ಬರುತ್ತದೆ. ಮೂವತ್ತು ದಿನ ಪುಕ್ಕಟೆ, ಆಮೇಲೆ ತಿಂಗಳಿಗೆ ಎರಡು ಸಾವಿರ. ಯಲ್ಲವ್ವನಿಗೆ ಒಂದು ಅಂಚಿಗೆ ಸಿಗುವುದು ಹದಿನೈದು ನೂರು, ತಿಂಗಳಿಗೆ ಮೂರು ಅಂಚು. ಇವತ್ತು ಮೂವತ್ತನೇ ದಿನ. ಸಂಜೆಯೊಳಗೆ ಹೂಂ ಅನ್ನಬೇಕು, ಇಲ್ಲ ಊಹೂಂ.

ಅವರು ಅದನ್ನು ಪರೀಕ್ಷಿಸಿದ ರೀತಿ ನನಗೆ ಬಹಳ ಹಿಡಿಸಿತು. ಹೊಸ ಅಂಚನ್ನು ಮೊದಲು ಒಂದು ಗೇಣು ನೇಯಿಸಿ, ಬಟ್ಟೆ ತಿರುವಿ, ಬಳೆ ತೊಟ್ಟ ಕೈಯನ್ನು ಹಿಂಬದಿಯ ಮೇಲೆ ಎಳೆಯುವುದು ಇಲ್ಲಿಯ ರೂಢಿ. ಎಳೆ ಉದ್ದ ಜೋತುಬಿದ್ದಿದ್ದರೆ ಬಳೆಗೆ ಸಿಕ್ಕಿಬೀಳುತ್ತದೆ. ಆ್ಯಪು ತುಂಬಿದ ಮೊದಲ ನವಿಲಿನ ಅಂಚು ನೋಡಲಿಕ್ಕೆ ರಾಜಕುಮಾರಿ, ಹಿಂದೆ ಬರೀ ಸಿಕ್ಕು. "ಬಟ್ಟಿ ಮುಂದಿನ ಮಾರಿ ಅಷ್ಟ ನೋಡಿತ್ತದು. ಉಡಾಕಿ ಮೈಗೆ ಹತ್ತೂದು ಹಿಂದಿನ ಮಾರಿ," ಎನ್ನುತ್ತಾರೆ. ಐದು ಚೌಕಕ್ಕಿಂತ ಉದ್ದ ಎಳೆ ಬಿಡಬೇಡ ಎಂದು ಮಂಗಲಾ ಕೈಯಿಂದ ಆ್ಯಪಿಗೆ ಬರೆಸಿದರು. ಮೂರನೇ ವಾರಕ್ಕೆ ಬಳೆ ಎಲ್ಲೂ ತಡೆಯಲಿಲ್ಲ. "ಸುಳ್ಳ್ಯಾಕ ಹೇಳ್ಲಿ, ಛಲೋ ಕಲೀತು."

ಹಾಗಾದರೆ ತಕರಾರು ಏನು? ಚುಕ್ಕಿ. ಎಷ್ಟು ಸಲ ಇಟ್ಟರೂ ಆ್ಯಪು ಅದನ್ನು ತಪ್ಪೆಂದು ಒರೆಸಿ ಹಾಕುತ್ತದೆ. ಚುಕ್ಕಿ ಹಾಗೇ ಇರಲಿ ಎಂದು ಬರೆದರೆ ಅಲ್ಲೊಂದು ಚಂದದ ಹೂವು ಮಾಡುತ್ತದೆ. ಎಂಟು ಮಗ್ಗದ ಮಾಲೀಕ ಮಲಕಾಜಪ್ಪ ಪಟ್ಟಿ ಒಯ್ಯಲು ಬಂದವರು ನಗುತ್ತಾರೆ. "ಹೋಗ್ಲಿ ಬಿಡವ್ವಾ, ಒಂದ್ ಚುಕ್ಕಿ. ಗಿರಾಕಿಗೇನ್ ಕಾಣತೈತಿ?"

ಯಲ್ಲವ್ವನ ಮುಖ ನೋಡಿ ನನಗೆ ಮಲಕಾಜಪ್ಪನ ಮೇಲೆ ಸಿಟ್ಟೇ ಬರುತ್ತದೆ. ಕಣ್ಣು ಉಳಿಸಿಕೊಂಡರೆ ಚುಕ್ಕಿ ಹೋಗುತ್ತದೆ, ಚುಕ್ಕಿ ಉಳಿಸಿಕೊಂಡರೆ ಕಣ್ಣು. ಇದನ್ನು ಎರಡು ಸಾವಿರದ ಲೆಕ್ಕದಲ್ಲಿ ಹೇಗೆ ಕೂಡಿಸುವುದು?

ಸಂಜೆ ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಆ್ಯಪು ತುಂಬಿದ ಹಾಳೆಯಿಂದ ಕೊರೆದ, ದಾರದಿಂದ ಸಾಲಾಗಿ ಹೊಲಿದ ಪಟ್ಟಿಗಳನ್ನು ಯಲ್ಲವ್ವ ತೊಡೆಯ ಮೇಲೆ ಎಳೆದುಕೊಳ್ಳುತ್ತಾರೆ. ಕಣ್ಣು ಮುಚ್ಚಿ ಬೆರಳಲ್ಲೇ ಎಣಿಸುತ್ತಾ ಹೋಗುತ್ತಾರೆ. ಮೂವತ್ತೈದು, ಮೂವತ್ತಾರು. ಮೂವತ್ತೇಳಕ್ಕೆ ಕೈ ನಿಲ್ಲುತ್ತದೆ. ಆ ಪಟ್ಟಿಯ ಮೇಲೆ ಹೆಬ್ಬೆರಳು ಬಹಳ ಹೊತ್ತು ಅಲ್ಲೇ ಓಡಾಡುತ್ತದೆ, ನೀರಿನಲ್ಲಿ ಬೆರಳಾಡಿಸಿದ ಹಾಗೆ. ನಂತರ ಉಳಿಯನ್ನು ಊರಿ ಸುತ್ತಿಗೆಯಿಂದ ಒಂದೇ ಏಟು.

ತೊಗರಿ ಬೇಳೆಯಷ್ಟು ರಟ್ಟು ನೆಲಕ್ಕೆ ಬೀಳುತ್ತದೆ.

"ಇದಕ್ಕ ಕಣ್ಣು ಬೇಕಾಗಿಲ್ಲ ನೋಡ," ಎಂದು ಅವರು ಸೊಸೆಗೆ ಹೇಳುತ್ತಾರೆ. "ಚೌಕ ಅದು ತುಂಬ್ಲಿ. ಚುಕ್ಕಿ ತೂತು ನಾ ಹಾಕ್ತೇನಿ. ರೊಕ್ಕ ಕಟ್ಟು."

ಮಂಗಲಾ ಫೋನ್ ತೆಗೆಯುತ್ತಾರೆ. ಹಣ ಕಟ್ಟುವ ಮೊದಲು ಪರದೆಯ ಮೇಲೆ ಒಂದು ಖಾಲಿ ಜಾಗ ಬರುತ್ತದೆ. "ಅತ್ತೀ, ಹೆಸರು ಕೇಳಾಕತ್ತೈತಿ. ಯಾರದು ಹಾಕ್ಲಿ?"

ಯಲ್ಲವ್ವ ಮೊದಲ ಬಾರಿಗೆ ನಗುತ್ತಾರೆ. "ಮೂವತ್ತೆಂಟು ವರ್ಷದಾಗ ನನ್ನ ಹೆಸರು ಯಾರೂ ಕೇಳಿಲ್ಲ, ಇದು ಕೇಳ್ತು ನೋಡ್ರಿ." ರಟ್ಟಿನ ಚೂರನ್ನು ನೆಲದಿಂದ ಹೆಕ್ಕಿ ಅಂಗೈಯಲ್ಲಿ ಇಟ್ಟುಕೊಳ್ಳುತ್ತಾರೆ. "ನನ್ನ ಹೆಸರು ಅದಕ್ಕ ಕೊಟ್ಟಬಿಡವ್ವಾ. ಚುಕ್ಕಿ ನನಗ ಇರ್ಲಿ."