ಅಳಿಸಿದರೂ ಉಳಿದ ಬೈಗುಳ

ಹುಳಿಯಾರು ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ನನ್ನ ಮುಖ ನೋಡಿ ನಕ್ಕಳು. "ಕಾಯಿ ಸುಲೀತಾ ಸೊಸೇನ ಸೋಮಾರಿ ಅಂತ ಬೈಯೋ ಅಜ್ಜಿ ನೀವೇ ಅಲ್ವಾ?" ಎಂದು ಫೋನ್ ತೋರಿಸಿದಳು. ಮೊಮ್ಮಗಳು ತಮಾಷೆಗೆ ನೆಟ್ಟಿಗೆ ಹಾಕಿದ್ದ ವಿಡಿಯೊ ಅದು. ಸೊಸೆ ಅತ್ತಳೆಂದು ಮಾರನೇ ದಿನವೇ ತೆಗೆಸಿದ್ದೆ. ಅದನ್ನೇ ಅವಳಿಗೆ ಹೇಳಿದೆ.

"ಅಷ್ಟೊತ್ತಿಗೆ ನನ್ ಫೋನಿಗೆ ಇಳಿಸ್ಕೊಂಡು ನಮ್ಮೂರೋರಿಗೆಲ್ಲ ಕಳಿಸ್ಬುಟ್ಟಿದ್ದೆ ಕಣಜ್ಜಿ!" ಎಂದಳು. ನಾವು ಅಳಿಸಿದ್ದು ನಮ್ಮದನ್ನು ಮಾತ್ರ. ಫೋನಿಂದ ಫೋನಿಗೆ ಹೋದದ್ದು ಹಾಗೇ ಇತ್ತು.

ಮನೆಗೆ ಬಂದು ಮೊಮ್ಮಗಳ ಕೈಲಿ ಇನ್ನೊಂದು ವಿಡಿಯೊ ಮಾಡಿಸಿದೆ. "ನನ್ ಸೊಸೆ ಸೋಮಾರಿ ಅಲ್ಲ ಕಣ್ರೀ, ನನ್ ಬಾಯೇ ಸರಿ ಇಲ್ಲ" ಎಂದೆ.

ಬೈಗುಳ ಹಂಚಿದವರು ಇದನ್ನು ಹಂಚಲಿಲ್ಲ. ಸೊಸೆ ಮಾತ್ರ ತನ್ನ ಫೋನಿನಲ್ಲಿ ಇಟ್ಟುಕೊಂಡಿದ್ದಾಳೆ. ನಾನು ದನಿ ಏರಿಸಿದರೆ ಸಾಕು, ಹಾಕಿ ಕೇಳಿಸುತ್ತಾಳೆ.