ಪಕ್ಕದ ಗೆಲಾಕ್ಸಿಗೆ ಬಂದ ಬಾಡಿಗೆಯವರು

ಹಿಂದಿನ ಚಿತ್ರದಲ್ಲಿ ಖಾಲಿಯಿದ್ದ ಜಾಗದಲ್ಲಿ ಚುಕ್ಕಿಯೊಂದು ಬಂದು ಕೂತಿತ್ತು. ನನ್ನ ಕೆಲಸವೇ ಅದು: ಪಕ್ಕದ ಗೆಲಾಕ್ಸಿಯ ರೇಡಿಯೊ ಅಲೆಗಳಿಂದ ಮಾಡಿದ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪರದೆಯ ಮೇಲೆ ಅದಲುಬದಲು ಮಾಡುತ್ತ ನೋಡುವುದು. ಮೊದಲಿದ್ದದ್ದು ಅಲ್ಲಾಡುವುದಿಲ್ಲ, ಹೊಸದಾಗಿ ಬಂದದ್ದು ಮಾತ್ರ ಕಣ್ಣು ಮಿಟುಕಿಸುತ್ತದೆ.

ಪಕ್ಕದ ಅಂದೆನಲ್ಲ, ನಗಬೇಡಿ. ಅಲ್ಲಿಂದ ಬೆಳಕು ಇಲ್ಲಿಗೆ ಬರಲು ಕೋಟಿ ವರ್ಷ ಹಿಡಿಯುತ್ತದೆ. ಬೆಂಗಳೂರಿನಲ್ಲಿ ನಾನಿದ್ದ ಮರ್ಫಿ ಟೌನಿನಲ್ಲಾದರೆ ಪಕ್ಕದವರು ಕೆಮ್ಮಿದರೆ ನನ್ನ ಗೋಡೆಯೇ ಕೆಮ್ಮಿದಂತೆ. ಯಾದಗಿರಿ ಕಡೆಯ ನಮ್ಮ ಓಣಿಗೆ ಹೊಸಬರು ಬಂದರೆ ಮೊದಲು ರೊಟ್ಟಿ, ಪುಂಡಿಪಲ್ಯ ಹೋಗುತ್ತದೆ. ಹೆಸರು ಕೇಳುವುದು ಆಮೇಲೆ. ಇಲ್ಲಿ ಮನೆಯೊಡತಿ ಮುನಿಯಮ್ಮನವರು, ಹಲಸೂರಿನ ಹಳೆಯ ಒಕ್ಕಲು ಮನೆತನದವರು, ಮೊದಲು ಕೇಳಿದ್ದೇ "ಎಷ್ಟು ದಿನ ಇರ್ತೀಯಮ್ಮಾ?" ಎಂದು. ಕೇಳಿದವರೇ ಸ್ಟೌ ಹಚ್ಚಿ ಹಾಲುಕ್ಕಿಸಿದರು. ಬಾಡಿಗೆಯ ಒಂಟಿ ಕೋಣೆಗೂ ಹಾಲುಕ್ಕಲೇಬೇಕಂತೆ. ಮುದ್ದೆ ನುಂಗಲು ಕಲಿಸಿದವರೂ ಅವರೇ. ರಸೆಲ್ ಮಾರ್ಕೆಟಿನಲ್ಲಿ ನಮ್ಮ ಪುಂಡಿಸೊಪ್ಪನ್ನು ತಮಿಳಿನಲ್ಲಿ "ಪುಳಿಚ್ಚ ಕೀರೈ" ಎಂದು ಕೇಳಿ ತಂದ ದಿನ ನಾನು ಈ ಊರನ್ನು ಗೆದ್ದೆನೆಂದುಕೊಂಡಿದ್ದೆ.

ಚುಕ್ಕಿ ಕಂಡು ನನ್ನ ಪಿಎಚ್.ಡಿ. ಗೈಡ್ ಆಗಿದ್ದ ಸರ್ ಹುಬ್ಬು ಗಂಟಿಕ್ಕಿದರು. "ಯಾವ್ದೋ ಮೊಬೈಲ್ ಟವರ್ ಗಲಾಟೆ ಇರ್ಬೇಕು ಕಣಮ್ಮ. ಇನ್ನೊಂದ್ಸಲ ನೋಡೋಣ. ಆಗ ಕಾಣ್ಲಿಲ್ಲ ಅಂದ್ರೆ ಬಿಟ್ಬಿಡು." ಬಿಟ್ಟರೆ ನನ್ನ ಸಂಶೋಧನೆಯಲ್ಲಿ ಹೇಳಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ; ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋಗುವುದೇ. ಟೆಲಿಸ್ಕೋಪಿನ ಸರದಿ ಬರಲು ತಿಂಗಳುಗಳು ಕಾಯಬೇಕಾಯಿತು. ಊಟ ಸೇರದಾಯಿತು.

"ಯಾಕಮ್ಮಾ, ಮುದ್ದೆ ಹಂಗೇ ಐತೆ?" ಎಂದರು ಮುನಿಯಮ್ಮ.

"ಆಕಾಶದಾಗ ಒಂದು ಚುಕ್ಕಿ ಬಂದದ್ರಿ. ಖರೇನೊ ಸುಳ್ಳೊ ತಿಳೀವಲ್ದು."

"ಎಲ್ಲಿಂದ ಬಂತು?"

"ಗೊತ್ತಿಲ್ರಿ."

"ಎಷ್ಟು ದಿನ ಇರ್ತದಂತೆ?"

"ಅದೂ ಗೊತ್ತಿಲ್ರಿ."

"ಸರಿಹೋಯ್ತು! ನಿನ್ ಥರಾನೇ ಬಾಡಿಗೆಯೋರು ಬಿಡು. ಉಣ್ಣು ಮೊದ್ಲು."

ಕೊನೆಗೆ ಹೊಸ ಚಿತ್ರ ಬಂತು. ಗದ್ದಲವನ್ನೆಲ್ಲ ಸೋಸಿ ತೆಗೆದರೂ ಚುಕ್ಕಿ ಇದ್ದಲ್ಲೇ ಇತ್ತು. ಸಿಡಿದ ನಕ್ಷತ್ರವಾಗಿದ್ದರೆ ಅಷ್ಟರಲ್ಲಿ ಮಂಕಾಗಬೇಕಿತ್ತು, ಅದೂ ಆಗಿರಲಿಲ್ಲ.

"ಏನಮ್ಮ ಇದು?" ಸರ್ ನನ್ನನ್ನೇ ಕೇಳಿದರು.

"ಗೊತ್ತಿಲ್ರಿ ಸರ್. ಆದ್ರ ಅದ."

ಬೆಂಗಳೂರಿನಲ್ಲಿ ಅಲ್ಲಿಯವರೆಗೆ ನಾನು ಯಾವ ಮಾತನ್ನೂ ಅಷ್ಟು ಗಟ್ಟಿಯಾಗಿ ಆಡಿರಲಿಲ್ಲ. ಸುದ್ದಿ ಕೇಳಿದ ಮುನಿಯಮ್ಮನವರು ಒಲೆಯ ಮೇಲೆ ಹಾಲಿಟ್ಟರು.

ಅದೇ ಖುಷಿಯಲ್ಲಿ ಊರಿಗೆ ಹೋದೆ. ಚೀಲ ಇಳಿಸುವಷ್ಟರಲ್ಲಿ ಪಕ್ಕದ ಮನೆಯ ಕಾಕು ಬಟ್ಟೆ ಮುಚ್ಚಿದ ತಾಟು ಹಿಡಿದು ಬಂದರು. ರೊಟ್ಟಿ, ಪುಂಡಿಪಲ್ಯ.

"ಎಷ್ಟ್ ದಿನ ಇರ್ತಿಯವಾ?" ಅಂದರು.

ತಾಟು ನನ್ನ ಕೈಯಲ್ಲಿತ್ತು. ಆ ಹೊಸ ಚುಕ್ಕಿಯ ಹಾಗೆ ಕಣ್ಣು ಮಿಟುಕಿಸುತ್ತ ನಿಂತೆ.