ಎರಡನೇ ಪಂಕ್ತಿಯ ಮತ

ಗಲ್ಫಿನ ಅಲ್ ಖಫ್ಜಿಯಲ್ಲಿದ್ದ ನಮ್ಮ ಕಂಪನಿ ಕ್ಯಾಂಪಿನ ಮೆಸ್ಸಿನಲ್ಲಿ ಊಟಕ್ಕೆ ಎರಡು ಪಂಕ್ತಿಗಳಿದ್ದವು. ಮೊದಲನೆಯದು ಆಫೀಸಿನವರದು, ಎರಡನೆಯದು ವೆಲ್ಡರು, ಫಿಟ್ಟರು, ಡ್ರೈವರುಗಳದು. ಮೆಸ್ ಸಮಿತಿಯ ಚುನಾವಣೆ ವರ್ಷಕ್ಕೊಮ್ಮೆ ಶುಕ್ರವಾರ ಮಧ್ಯಾಹ್ನ, ಮೊದಲ ಪಂಕ್ತಿ ಏಳುವ ಮುನ್ನ, ಕೈಯೆತ್ತುವುದರಲ್ಲೇ ಮುಗಿದುಹೋಗುತ್ತಿತ್ತು. ಎರಡನೇ ಪಂಕ್ತಿಯವರು ಬರುವಷ್ಟರಲ್ಲಿ ಸಮಿತಿಯೂ ಆಗಿರುತ್ತಿತ್ತು, ಸಾರಿನ ಮೀನೂ ತೀರಿರುತ್ತಿತ್ತು. ಅವರಿಗೆ ಮತವಿಲ್ಲವೆಂದು ಯಾವ ನಿಯಮವೂ ಹೇಳಿರಲಿಲ್ಲ. ಮತದ ಹೊತ್ತಿಗೆ ಅವರು ಒಳಗಿರುತ್ತಿರಲಿಲ್ಲ, ಅಷ್ಟೇ.

ನಾನು ಮೊದಲ ಪಂಕ್ತಿಯ ಗುಮಾಸ್ತ. ಮಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದವನಾದ್ದರಿಂದ, ಈ ಅನ್ಯಾಯವನ್ನು ಒಂದು ಒಳ್ಳೆಯ ಭಾಷಣದಿಂದ ಉರುಳಿಸಬಹುದೆಂದು ದೃಢವಾಗಿ ನಂಬಿದ್ದೆ. ಅದನ್ನು ನಮ್ಮ ವಿಭಾಗದಲ್ಲಿ ಕೆಲಸದ ಗುಣಮಟ್ಟ ನೋಡುವ ಇನ್‌ಸ್ಪೆಕ್ಟರಿಗೆ ಓದಿ ತೋರಿಸಿದೆ. ಅವರು ಅಮೆರಿಕದ ದಕ್ಷಿಣದಿಂದ ಬಂದ ಕಪ್ಪು ಮನುಷ್ಯ. ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ. ನಮ್ಮಲ್ಲೂ ಭಾಷಣಗಳು ಚೆನ್ನಾಗಿದ್ದವು," ಎಂದರು.

ಆಮೇಲೆ ತಮ್ಮ ತಾಯಿಯ ವಿಷಯ ಹೇಳಿದರು. ಆಕೆ ಶಾಲೆಯೊಂದರ ಅಡುಗೆಯವರು. ಮತದಾರರಾಗಿ ಹೆಸರು ಬರೆಸಲು ಹೋದಾಗಲೆಲ್ಲ ಕಚೇರಿಯವರು ಉತ್ತರವೇ ಇಲ್ಲದ ಪ್ರಶ್ನೆ ಕೇಳಿ ಹಿಂದಕ್ಕೆ ಕಳಿಸುತ್ತಿದ್ದರಂತೆ. ಕೊನೆಗೆ ಊರಿನ ಕಪ್ಪು ಜನರೆಲ್ಲ ಒಟ್ಟಾಗಿ ಆ ಕಚೇರಿಗೆ ಮೆರವಣಿಗೆ ಹೊರಟರು. ಆಕೆ ಚರ್ಚಿಗೆ ಹಾಕುವ ಎತ್ತರ ಹಿಮ್ಮಡಿಯ ಬೂಟು ತೊಟ್ಟು ಹೊರಟು, ಅರ್ಧ ದಾರಿಯಲ್ಲಿ ಅದನ್ನು ಮಗನ ಕೈಗೆ ಕೊಟ್ಟು ಬರಿಗಾಲಲ್ಲಿ ನಡೆದರು. ಎದುರಿಗೆ ಲಾಠಿ ಹಿಡಿದ ಪೊಲೀಸರು. ಇವರ ಬಾಯಲ್ಲಿ ಹಾಡು. "ನಮ್ಮ ವಾದವನ್ನು ಅವರು ಎಷ್ಟೋ ಸಲ ಕೇಳಿದ್ದರು," ಎಂದರು ಇನ್‌ಸ್ಪೆಕ್ಟರ್. "ನಮ್ಮನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು."

ಆ ಮಾತು ನನ್ನ ಮೈಯಲ್ಲಿ ಕರೆಂಟು ಹರಿಸಿತು. ಅಲ್ಲಿಂದ ನೇರವಾಗಿ ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಂ ವೆಲ್ಡರೊಬ್ಬರ ಕೋಣೆಗೆ ಓಡಿ, ನಾವೂ ಹಾಗೆಯೇ ಒಟ್ಟಾಗಿ ನಡೆಯೋಣವೆಂದೆ. ಎರಡನೇ ಪಂಕ್ತಿಯಲ್ಲಿ ಎಲ್ಲರೂ ಮಾತು ಕೇಳುತ್ತಿದ್ದ ಹಿರಿಯರು ಅವರು.

"ಮೆರವಣಿಗೆಯಾ? ಎಂತ ಮಾಸ್ಟ್ರೇ, ಇಲ್ಲಿ ಘೋಷಣೆ ಕೂಗಿದ್ರೆ ಸಂಜೆಯೊಳಗೆ ವಿಮಾನ ಹತ್ತಿಸ್ತಾರೆ ಮಾರಾಯ್ರೆ!" ನನ್ನ ಮಾತಿನ ಧಾಟಿಗೆ ಅವರಿಟ್ಟ ಹೆಸರು ಮಾಸ್ಟ್ರು.

"ಘೋಷಣೆ ಬೇಡ. ಶುಕ್ರವಾರ ನಮ್ಮ ಪಂಕ್ತಿ ಏಳುವ ಮೊದಲೇ ತಟ್ಟೆ ಹಿಡ್ಕೊಂಡು ಬನ್ನಿ. ಊಟಕ್ಕೆ ಹೊರಟವರನ್ನು ಯಾರು ತಡೀತಾರೆ?"

ಅವರು ತೊಡೆ ತಟ್ಟಿ ನಕ್ಕರು. "ಬರ್ತೇವೆ. ಆದ್ರೆ ಹಸಿದ ಹೊಟ್ಟೆಯಲ್ಲಿ ನಿಮ್ಮ ಭಾಷಣ ಕೇಳ್ಲಿಕ್ಕೆ ಆಗುದಿಲ್ಲ, ಈಗ್ಲೇ ಹೇಳಿದ್ದೇನೆ."

ಶುಕ್ರವಾರ ಮೊದಲ ಪಂಕ್ತಿ ಮಜ್ಜಿಗೆಗೆ ಬಂದಿತ್ತು. ಕಿಟಕಿಯಾಚೆ ನೋಡಿದೆ. ಬ್ಯಾರಕ್ಕುಗಳಿಂದ ಇಬ್ಬಿಬ್ಬರಾಗಿ, ಜುಮ್ಮಾ ನಮಾಜಿಗೆಂದು ಇಸ್ತ್ರಿ ಮಾಡಿದ ಅಂಗಿಗಳಲ್ಲಿ, ಕಂಕುಳಲ್ಲಿ ತಟ್ಟೆ ಇಟ್ಟುಕೊಂಡು ಬರುತ್ತಿದ್ದರು. ಸಾಲು ಮುಗಿಯುವಂತೆಯೇ ಕಾಣಲಿಲ್ಲ. ಗೇಟಿನ ಕಾವಲುಗಾರ ಗಡಿಯಾರ ನೋಡಿಕೊಂಡನೇ ಹೊರತು ಏನೂ ಕೇಳಲಿಲ್ಲ. ಅವರು ಒಳಬಂದು ಗೋಡೆಯುದ್ದಕ್ಕೂ ನಿಂತರು. ನಾನು ಜೇಬಿನಲ್ಲಿದ್ದ ಭಾಷಣದ ಹಾಳೆ ಮುಟ್ಟಿ ನೋಡಿಕೊಂಡೆ.

ಅಧ್ಯಕ್ಷಸ್ಥಾನದಲ್ಲಿದ್ದ ಕ್ಯಾಂಪ್ ಮೇಲ್ವಿಚಾರಕರು ಹುಬ್ಬು ಗಂಟಿಕ್ಕಿದರು. "ನಿಮ್ಮ ಊಟ ಎರಡು ಗಂಟೆಗಲ್ವಾ?"

"ಊಟ ಎರಡು ಗಂಟೆಗೇ ಮಾಡ್ತೇವೆ ಸಾರ್," ಎಂದರು ವೆಲ್ಡರ್. "ಈಗ ಕೈಯೆತ್ತಿ ಹೋಗ್ಲಿಕ್ಕೆ ಬಂದದ್ದು."

ಯಾರೋ ಕಿಸಕ್ಕನೆ ನಕ್ಕರು. ಮೇಲ್ವಿಚಾರಕರು ನಮ್ಮ ಪಂಕ್ತಿಯತ್ತ ತಿರುಗಿ, ಇವರೂ ಸಮಿತಿಗೆ ಮತ ಹಾಕಬಹುದೇ, ಯಾರಿಗಾದರೂ ಆಕ್ಷೇಪವಿದೆಯೇ ಎಂದು ಕೇಳಿದರು. ಅವರ ಧ್ವನಿಯಲ್ಲಿ ಆಕ್ಷೇಪದ ನಿರೀಕ್ಷೆ ಸ್ಪಷ್ಟವಾಗಿತ್ತು. ನಾನು ಭಾಷಣಕ್ಕೆಂದು ಎದ್ದುನಿಂತೆ. ಆದರೆ ಗೋಡೆಯ ಬದಿಯಲ್ಲಿ ನಿಂತಿದ್ದವರ ಕಣ್ಣಲ್ಲಿ ಕಣ್ಣಿಟ್ಟು ಆಕ್ಷೇಪವೆತ್ತುವ ಧೈರ್ಯ ಆ ಹಾಲಿನಲ್ಲಿ ಯಾರಿಗೂ ಇರಲಿಲ್ಲ. ನನ್ನ ವಾದಕ್ಕೆ ಎದುರುವಾದಿಯೇ ಉಳಿಯಲಿಲ್ಲ.

ಮೊದಲ ಅಭ್ಯರ್ಥಿಯ ಹೆಸರು ಕೂಗಿದರು. ಕೈಗಳು ಮೇಲೆದ್ದವು. ಸುಟ್ಟ ಕಲೆಗಳ, ಗ್ರೀಸು ಹೋಗದ ಉಗುರುಗಳ ಕೈಗಳು. ಮೇಲ್ವಿಚಾರಕರು ಎಣಿಸುತ್ತಾ ನಡುವೆ ಲೆಕ್ಕ ತಪ್ಪಿ ನಿಂತರು.

"ಮೊದಲಿಂದ ಎಣಿಸಿ ಸಾರ್, ನಮಗೇನು ಅರ್ಜೆಂಟಿಲ್ಲ!" ಎಂದು ಗೋಡೆಯ ಕಡೆಯಿಂದ ಒಂದು ದನಿ ಕೂಗಿತು.

ಅವರು ಮತ್ತೆ ಮೊದಲಿನಿಂದ ಶುರುಮಾಡಿದರು. ಅಷ್ಟರಲ್ಲಿ ವೆಲ್ಡರ್ ಆ ಕಡೆಯಿಂದ ನನ್ನನ್ನು ನೋಡಿ ಗದರಿದರು:

"ಓ ಮಾಸ್ಟ್ರೇ, ಎಂತ ಎರಡೂ ಕೈ ಎತ್ತಿದ್ದು? ಒಬ್ಬರಿಗೆ ಒಂದೇ ಮಾರಾಯ್ರೆ, ಒಂದು ಕೆಳಗಿಳಿಸಿ!"